ಯುಎಸ್‌ಬಿ-ಸೀರಿಯಲ್ ಕೇಬಲ್: ಅಗ್ಗದ್ದು ಸಾಕಾ, ಎಫ್‌ಟಿಡಿಐ ಬೇಕಾ?

ಪೀಣ್ಯದ ನಮ್ಮ ಶೆಡ್‌ನಲ್ಲಿ ಸಿಎನ್‌ಸಿ ಲೇತ್‌ಗೆ (ಕಂಪ್ಯೂಟರ್ ನಡೆಸೋ ಲೇತ್) ಪ್ರೋಗ್ರಾಂ ಕಳಿಸೋಕೆ ಇವತ್ತಿಗೂ ಆರ್‌ಎಸ್-232 ಅನ್ನೋ ಹಳೇ ಸೀರಿಯಲ್ ಪೋರ್ಟೇ ಗತಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ಒಂಬತ್ತು ಪಿನ್ನಿನ ಪೋರ್ಟ್ ಇಲ್ಲ, ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸೋ ಕನ್ವರ್ಟರ್ ಕೇಬಲ್ ಹಾಕ್ಲೇಬೇಕು. ಮೊದಲೇ ಹೇಳ್ಬಿಡ್ತೀನಿ, ದುಡ್ಡು ಜಾಸ್ತಿಯಾದ್ರೂ ನನ್ನ ಓಟು ಎಫ್‌ಟಿಡಿಐ ಅನ್ನೋ ಕಂಪನಿಯ ಚಿಪ್ಪಿರೋ ಕೇಬಲ್‌ಗೇ.

ಎಸ್.ಪಿ. ರೋಡಿಂದ ತಂದ ಅಗ್ಗದ ಕೇಬಲ್ ಶುರುವಿನಲ್ಲಿ ಚೆನ್ನಾಗೇ ಇತ್ತು. ಒಂದಿನ ಇದ್ದಕ್ಕಿದ್ದಂತೆ ಪೋರ್ಟ್ ಉಸಿರೇ ಎತ್ತಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತೂ ಇಲ್ಲ. ಕೇಬಲ್ಲಿನ 2 ಮತ್ತು 3ನೇ ಪಿನ್ನಿಗೆ (ಒಂದು ಡೇಟಾ ಕಳಿಸೋದು, ಇನ್ನೊಂದು ಪಡೆಯೋದು) ತಂತಿ ಸೇರಿಸಿ ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ರೆ ಅಕ್ಷರ ವಾಪಸ್ ಬರ್ತಿದೆ. ಅಂದ್ರೆ ಕೇಬಲ್ ಸತ್ತಿಲ್ಲ.

ಆಗಿದ್ದು ಇಷ್ಟೇ: ಆಪರೇಟರ್ ಹುಡುಗ ಕೇಬಲ್ಲನ್ನ ಪಕ್ಕದ ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದ. ಅಗ್ಗದ ಎಷ್ಟೋ ಚಿಪ್‌ಗಳಿಗೆ ತಮ್ಮದೇ ಸೀರಿಯಲ್ ನಂಬರ್ ಇರಲ್ಲ. ಹಾಗಾಗಿ ಕಿಂಡಿ ಬದಲಾದ್ರೆ ವಿಂಡೋಸ್ ಅದನ್ನ ಹೊಸ ಸಾಮಾನು ಅಂದ್ಕೊಂಡು ಬೇರೆ ಕಾಮ್ (COM) ನಂಬರ್, ಅಂದ್ರೆ ಸೀರಿಯಲ್ ಪೋರ್ಟಿನ ನಂಬರ್, ಕೊಡುತ್ತೆ. ಕಾಮ್3 ಇದ್ದಿದ್ದು ಕಾಮ್7 ಆಗಿತ್ತು, ನಮ್ಮ ಹಳೇ ಸಾಫ್ಟ್‌ವೇರ್‌ನ ಪಟ್ಟಿ ಕಾಮ್4ಕ್ಕೇ ಮುಗಿಯುತ್ತೆ! ವಾಪಸ್ 3 ಮಾಡೋಣ ಅಂದ್ರೆ ‘ಇನ್ ಯೂಸ್’ ಅನ್ನುತ್ತೆ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಶೋ ಹಿಡನ್ ಡಿವೈಸಸ್’ ಒತ್ತಿ, ಮಸುಕಾಗಿ ಕಾಣೋ ಹಳೇ ಪೋರ್ಟನ್ನ ಅನ್‌ಇನ್‌ಸ್ಟಾಲ್ ಮಾಡಿ, ಪೋರ್ಟ್ ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್ಡ್’ನಲ್ಲಿ ನಂಬರ್ ಬದಲಿಸಬೇಕು. ಯಾರಾದ್ರೂ ಮತ್ತೆ ಕಿಂಡಿ ಬದಲಿಸಿದ್ರೆ ಮತ್ತದೇ ರಾಮಾಯಣ.

ಎಫ್‌ಟಿಡಿಐ ಚಿಪ್‌ಗೆ ಅದರದ್ದೇ ನಂಬರ್ ಇರುತ್ತೆ, ಎಲ್ಲಿ ಚುಚ್ಚಿದ್ರೂ ಕಾಮ್3 ಕಾಮ್3ನೇ. ಇನ್ನೊಂದು ಲಾಭ ಎಕ್ಸಾನ್-ಎಕ್ಸಾಫ್‌ದು, ಅಂದ್ರೆ ಮಷೀನು ‘ಕಳಿಸು’, ‘ತಡಿ’ ಅಂತ ಹೇಳೋ ಸಂಕೇತದ್ದು. ಮಷೀನು ‘ತಡಿ’ ಅಂದಾಗ ಚಿಪ್ಪೇ ಡೇಟಾ ನಿಲ್ಲಿಸುತ್ತೆ. ಅಗ್ಗದ್ದರಲ್ಲಿ ಆ ಮಾತು ಲ್ಯಾಪ್‌ಟಾಪ್ ಮುಟ್ಟೋ ಹೊತ್ತಿಗೆ ಇನ್ನೊಂದಷ್ಟು ಅಕ್ಷರ ನುಗ್ಗಿ, ಲೇತ್‌ನ ಫ್ಯಾನಕ್ ಕಂಟ್ರೋಲ್‌ನಲ್ಲಿ 087 ಅಲಾರಂ (ಡೇಟಾ ಹಿಡಿಸದೆ ಉಕ್ಕಿತು ಅಂತ) ಬರ್ತಿತ್ತು.

ನಕಲಿ ಎಫ್‌ಟಿಡಿಐ ಬಗ್ಗೆ ಹುಷಾರು. 2014ರಲ್ಲಿ ಆ ಕಂಪನಿಯ ಡ್ರೈವರ್ರೇ ನಕಲಿ ಚಿಪ್‌ಗಳ ಐಡಿ (ಕಂಪ್ಯೂಟರ್ ಅವನ್ನ ಗುರುತಿಸೋ ನಂಬರ್) ಸೊನ್ನೆ ಮಾಡಿ ಅವನ್ನ ಮಲಗಿಸಿತ್ತು. ರಸೀದಿ ಕೊಡೋ ಅಂಗಡಿಯಲ್ಲೇ ತಗೊಳ್ಳಿ.

ಪೋರ್ಟ್ ಇರೋ ಹಳೇ ಎಕ್ಸ್‌ಪಿ ಲ್ಯಾಪ್‌ಟಾಪ್? ಕೆಲಸದಲ್ಲಿ ಯಾವ ಕೇಬಲ್ಲೂ ಅದನ್ನ ಮೀರಿಸೋದಿಲ್ಲ, ಆದ್ರೆ ಬ್ಯಾಟರಿ ಹೋಗಿದೆ, ಕರೆಂಟ್ ಹೋದ್ರೆ ಕಥೆ ಮುಗೀತು.

ಮನೇಲಿ ಒಬ್ಬರೇ ಯಾವಾಗಲೋ ಒಮ್ಮೆ ಬಳಸೋರಾದ್ರೆ ಅಗ್ಗದ್ದೇ ತಗೊಂಡು, ಕಿಂಡಿ ಪಕ್ಕ ಮಾರ್ಕರ್‌ನಲ್ಲಿ ಗುರುತು ಹಾಕ್ಕೊಳ್ಳಿ. ನಮ್ಮಲ್ಲಿ ಎರಡು ಶಿಫ್ಟು, ಕೇಬಲ್ ಮುಟ್ಟೋ ಹುಡುಗ್ರು ಬೇರೆ ಬೇರೆ. ನನಗೆ ಐದು ಪಟ್ಟು ಬೆಲೆ ಕೊಟ್ಟಿದ್ದು ದುಬಾರಿ ಅನ್ನಿಸಲಿಲ್ಲ.