ಪ್ರಗತಿಪರರಿಗೆ ಹಣ ಕೊಡುವವರು ಯಾರು? ಓಪನ್‌ಸೀಕ್ರೆಟ್ಸ್ ಜಾಲತಾಣದ ಒಂದು ಪರಿಶೀಲನೆ

ಕಲಬುರಗಿಯ ಜಗತ್ ವೃತ್ತದಲ್ಲಿ ತೊಗರಿಯ ಬೆಂಬಲ ಬೆಲೆಗಾಗಿಯೋ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಂ ಸರಿಯಾಗಿ ಜಾರಿಯಾಗಲೆಂದೋ ಧರಣಿ ಕೂತವರಿಗೆ ಹೋಗಿಬರುವವರು ಕೇಳುವ ಪ್ರಶ್ನೆ ಒಂದಿದೆ: «ನಿಮಗ ರೊಕ್ಕ ಯಾರು ಕೊಡ್ತಾರ?» ಈಚಿನ ವರ್ಷಗಳಲ್ಲಿ ಈ ಪ್ರಶ್ನೆಯ ಬೆನ್ನಿಗೇ ಅಮೆರಿಕದ ಕೋಟ್ಯಧೀಶ ದಾನಿ ಜಾರ್ಜ್ ಸೊರೊಸ್ ಹೆಸರೂ ಬರತೊಡಗಿದೆ. ಜನಸಂಘಟನೆಯೊಂದರ ಪಾವತಿ ಪುಸ್ತಕ, ಜಮಾಖರ್ಚು ನೋಡಿಕೊಳ್ಳುವವನಾಗಿ ಈ ಪ್ರಶ್ನೆಯನ್ನು ನಾನು ನ್ಯಾಯವಾದದ್ದೆಂದೇ ತಿಳಿಯುತ್ತೇನೆ. ಅಮೆರಿಕದಲ್ಲಿ ಇದೇ ಪ್ರಶ್ನೆಗೆ ದಾಖಲೆ ಸಹಿತ ಉತ್ತರ ಕೊಡಲು ಯತ್ನಿಸುವ ಓಪನ್‌ಸೀಕ್ರೆಟ್ಸ್ ಎಂಬ ಸೇವೆಯನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಅದು ಎಲ್ಲಿಯವರೆಗೆ ಕೈ ಹಿಡಿದು ನಡೆಸುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ನಮ್ಮ ಭಾಗದ ಓದುಗರಿಗೆ ತಿಳಿಸಬೇಕೆನಿಸಿತು.

1983ರಲ್ಲಿ ಡೆಮಾಕ್ರಟಿಕ್ ಪಕ್ಷದ ಫ್ರಾಂಕ್ ಚರ್ಚ್ ಮತ್ತು ರಿಪಬ್ಲಿಕನ್ ಪಕ್ಷದ ಹ್ಯೂ ಸ್ಕಾಟ್ ಎಂಬ ಇಬ್ಬರು ಮಾಜಿ ಸೆನೆಟರುಗಳು ಸೇರಿ ಕಟ್ಟಿದ ಅಧ್ಯಯನ ಕೇಂದ್ರವೇ ಈ ಸಂಸ್ಥೆಯ ಮೂಲ. ಜಾಲತಾಣ ಬಂದದ್ದು 1996ರಲ್ಲಿ. 2021ರಲ್ಲಿ ಇಂಥದೇ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಈಗಿನ ಹೆಸರು ತಳೆಯಿತು. ಹುಡುಕಾಟಕ್ಕೆ ಶುಲ್ಕವಿಲ್ಲ. ಈ ಸಂಸ್ಥೆಗೂ ದೊಡ್ಡ ಪ್ರತಿಷ್ಠಾನಗಳಿಂದ ಹಣ ಬಂದಿದೆ, ಅವುಗಳಲ್ಲಿ ಸೊರೊಸ್ ಅವರ ಓಪನ್ ಸೊಸೈಟಿಯೂ ಒಂದು. ಅದನ್ನು ಸಂಸ್ಥೆ ಮುಚ್ಚಿಡದೆ ತನ್ನ ತಾಣದಲ್ಲಿಯೇ ತಿಳಿಸಿರುವುದರಿಂದ ನನಗೆ ಅದರ ಮೇಲೆ ನಂಬಿಕೆ ಹೆಚ್ಚಿದೆ.

ದಾನಿಗಳ ಹುಡುಕಾಟದ ಪುಟ ಇದರ ಜೀವಾಳ. ಹೆಸರು ತುಂಬಿದರೆ ಸಾಲುಸಾಲಾಗಿ ವಿವರ ತೆರೆದುಕೊಳ್ಳುತ್ತದೆ: ಕೊಟ್ಟವರ ಹೆಸರು, ಊರು, ಉದ್ಯೋಗ, ಕೊಟ್ಟ ದಿನ, ಮೊತ್ತ, ಪಡೆದ ಅಭ್ಯರ್ಥಿ ಅಥವಾ ಸಮಿತಿ. ಒಬ್ಬ ವ್ಯಕ್ತಿ ಕೊಟ್ಟ ಹಣ ಒಟ್ಟು 200 ಡಾಲರ್ ದಾಟಿದರೆ ಅವರ ಹೆಸರು, ಉದ್ಯೋಗಗಳನ್ನು ಅಲ್ಲಿನ ಚುನಾವಣಾ ಆಯೋಗಕ್ಕೆ ವರದಿ ಮಾಡಲೇಬೇಕೆಂಬ ನಿಯಮವಿರುವುದರಿಂದ ಇದು ಸಾಧ್ಯವಾಗಿದೆ. ಹೀಗಾಗಿ ಕೋಟ್ಯಧೀಶರ ಹೆಸರು ಇರುವ ಕಡೆಯೇ ಶಾಲಾ ಶಿಕ್ಷಕಿಯೊಬ್ಬರ 250 ಡಾಲರೂ ಕಾಣಿಸುತ್ತದೆ. 2022ರ ಮಧ್ಯಂತರ ಚುನಾವಣೆಯ ಹೊತ್ತಿಗೆ ಸೊರೊಸ್ ತಮ್ಮದೇ ಸೂಪರ್ ಪ್ಯಾಕ್ (ಅಭ್ಯರ್ಥಿಗೆ ನೇರವಾಗಿ ಹಣ ಕೊಡದೆ ಚುನಾವಣೆಗೆ ಸ್ವತಂತ್ರವಾಗಿ ಖರ್ಚು ಮಾಡುವ ಸಮಿತಿ) ಒಂದಕ್ಕೆ 12.5 ಕೋಟಿ ಡಾಲರ್ ಕೊಟ್ಟಿದ್ದು ಹೀಗೆ ದಾಖಲಾದ ಸಂಗತಿ. ಅಭ್ಯರ್ಥಿಗೆ ನೇರವಾಗಿ ಕೊಡುವುದಕ್ಕೆ ಕೆಲವೇ ಸಾವಿರ ಡಾಲರುಗಳ ಮಿತಿಯಿದ್ದರೂ, ಅಲ್ಲಿನ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಹುಟ್ಟಿಕೊಂಡ ಸೂಪರ್ ಪ್ಯಾಕ್‌ಗಳಿಗೆ ಎಷ್ಟು ಬೇಕಾದರೂ ಕೊಡಬಹುದು. ಪಿಸುಮಾತಿನಲ್ಲಿ ಓಡಾಡುವ ಹೆಸರೊಂದು ಇಲ್ಲಿ ದಿನಾಂಕ, ಮೊತ್ತದ ಸಮೇತ ಸಿಗುವಾಗ ವಾದ ಮಾಡುವವರಿಬ್ಬರಿಗೂ ಕಾಲೂರಲು ನೆಲ ಸಿಗುತ್ತದೆ.

ಆದರೆ ಪ್ರಗತಿಪರ ಗುಂಪುಗಳಿಗೆ ಹರಿಯುವ ದೊಡ್ಡ ಹಣವೆಲ್ಲ ಈ ಬಾಗಿಲಿನಿಂದಲೇ ಬರುವುದಿಲ್ಲ. ಹೊರಗಿನ ಗುಂಪುಗಳ, ಅಂದರೆ ಅಭ್ಯರ್ಥಿಗಳ ಸಮಿತಿಗಳಿಂದ ಬೇರೆಯಾಗಿ ಖರ್ಚು ಮಾಡುವವರ, ಚುನಾವಣಾ ಖರ್ಚಿನ ಪಟ್ಟಿಯನ್ನು ತೆರೆದು ನೋಡಿ. ಪ್ರತಿ ಗುಂಪಿನ ಮುಂದೆ ಅದು ಉದಾರವಾದಿಯೋ ಸಂಪ್ರದಾಯವಾದಿಯೋ ಎಂದು ಸೂಚಿಸುವ ಅಕ್ಷರವಿದೆ. ಅದರ ಜೊತೆಗೆ ದಾನಿಗಳ ವಿವರ ಪೂರ್ಣವಾಗಿದೆಯೇ, ಭಾಗಶಃ ಇದೆಯೇ, ಏನೂ ಇಲ್ಲವೇ ಎಂದು ತಿಳಿಸುವ ಸಣ್ಣ ಗುರುತೂ ಇದೆ. ಇಡೀ ತಾಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಈ ಗುರುತು. ಸಮಾಜ ಕಲ್ಯಾಣದ ಹೆಸರಿನಲ್ಲಿ ಅಲ್ಲಿನ ತೆರಿಗೆ ಕಾನೂನಿನ 501(ಸಿ)(4) ಕಲಮಿನಡಿ ಇರುವ ಸಂಸ್ಥೆಗಳು ತಮ್ಮ ದಾನಿಗಳ ಹೆಸರನ್ನು ಸಾರ್ವಜನಿಕರಿಗೆ ಹೇಳಬೇಕಾಗಿಲ್ಲ. ಬಲಪಂಥದ ಕೋಟ್ಯಧೀಶರು ಈ ದಾರಿಯನ್ನು ಬಳಸಿದಾಗ ಪ್ರಗತಿಪರರು ಅದನ್ನು ಕತ್ತಲ ಹಣವೆಂದು ಕರೆದರು, ಕರೆದದ್ದು ಸರಿಯೇ. ಆದರೆ ಅದೇ ಕಲಮಿನಡಿಯ ಸಿಕ್ಸ್‌ಟೀನ್ ಥರ್ಟಿ ಫಂಡ್ ಎಂಬ ಎಡ ಒಲವಿನ ಸಂಸ್ಥೆ 2020ರ ಒಂದೇ ವರ್ಷದಲ್ಲಿ ಸುಮಾರು 41 ಕೋಟಿ ಡಾಲರ್ ಖರ್ಚು ಮಾಡಿತು. ಅದು ತಿಳಿದುಬಂದದ್ದು 2021ರ ನವೆಂಬರಿನಲ್ಲಿ, ಮತ ಎಣಿಸಿ ವರ್ಷ ಕಳೆದ ಮೇಲೆ. 2005ರಲ್ಲಿ ಹುಟ್ಟಿದ ಡೆಮಾಕ್ರಸಿ ಅಲಯನ್ಸ್ ಎಂಬ ಪ್ರಗತಿಪರ ಶ್ರೀಮಂತರ ಕೂಟದ ಸದಸ್ಯರು ವರ್ಷಕ್ಕೆ ಕನಿಷ್ಠ 2 ಲಕ್ಷ ಡಾಲರನ್ನು ಕೂಟ ಸೂಚಿಸಿದ ಗುಂಪುಗಳಿಗೆ ಕೊಡಬೇಕೆಂಬ ಕಟ್ಟಳೆಯಿದೆ. ಆ ಹಣದ ಬಹುಭಾಗಕ್ಕೂ ಹುಡುಕಾಟದ ಪುಟದಲ್ಲಿ ಉತ್ತರ ಸಿಗುವುದಿಲ್ಲ.

ಇಲ್ಲಿ ಓದುಗರು ಸ್ವಲ್ಪ ಶ್ರಮ ವಹಿಸಿದರೆ ಒಂದು ದಾರಿಯಿದೆ. ಪಡೆದ ಸಂಸ್ಥೆ ಹೆಸರು ಮುಚ್ಚಿಟ್ಟರೂ, ಕೊಟ್ಟದ್ದು ಇನ್ನೊಂದು ಲಾಭರಹಿತ ಸಂಸ್ಥೆಯಾಗಿದ್ದರೆ ಅದರ ತೆರಿಗೆ ವಿವರಣೆಯಾದ ನಮೂನೆ 990ರಲ್ಲಿ ಯಾರಿಗೆ ಎಷ್ಟು ಕೊಟ್ಟೆವೆಂಬುದನ್ನು ಬರೆಯಬೇಕು. ಸ್ವಿಟ್ಜರ್ಲೆಂಡಿನ ಉದ್ಯಮಿ ಹಾನ್ಸ್‌ಯೋರ್ಗ್ ವಿಸ್ ಅವರೊಂದಿಗೆ ಗುರುತಿಸಲಾಗುವ ಬರ್ಗರ್ ಆ್ಯಕ್ಷನ್ ಫಂಡ್‌ನಿಂದ ಸಿಕ್ಸ್‌ಟೀನ್ ಥರ್ಟಿ ಫಂಡ್‌ಗೆ ಹೋದ ಹಣ ಬಯಲಾದದ್ದು ಇಂಥ ವಿವರಣೆಗಳಿಂದಲೇ. ಹೊಲದ ಕಾಲುವೆಯಲ್ಲಿ ನೀರು ಎಲ್ಲಿಂದ ಬಂತೆಂದು ತಿಳಿಯಲು ಮೇಲಿನ ಹೊಲಕ್ಕೆ ನಡೆದು ನೋಡುವಂತೆ, ಇಲ್ಲಿ ಪಡೆದವರ ಲೆಕ್ಕ ಬಿಟ್ಟು ಕೊಟ್ಟವರ ಲೆಕ್ಕ ನೋಡಬೇಕು. ಓಪನ್‌ಸೀಕ್ರೆಟ್ಸ್ ತಂಡ ಈ ಕೆಲಸವನ್ನೂ ಮಾಡುತ್ತದೆ, ಆದರೆ ಅದರ ಫಲಿತಾಂಶಗಳು ವರದಿಗಳಲ್ಲಿ ಚದುರಿಹೋಗಿವೆ. ಗುಂಪಿನ ಪುಟದಲ್ಲಿಯೇ ಆ ನಮೂನೆಗಳನ್ನು ವರ್ಷವಾರು ಜೋಡಿಸಿಟ್ಟರೆ ಸಾಮಾನ್ಯ ಓದುಗರಿಗೆ ಬಹಳ ಅನುಕೂಲ.

ನಮ್ಮ ದೇಶದಲ್ಲಿ ಇಂಥ ಸೇವೆಗೆ ಹತ್ತಿರದ್ದೆಂದರೆ 1999ರಲ್ಲಿ ಆರಂಭವಾದ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆಯ ಮೈನೇತಾ ತಾಣ. ಕಲಬುರಗಿ, ಬೀದರ್, ಯಾದಗಿರಿಯ ಅಭ್ಯರ್ಥಿಗಳ ಆಸ್ತಿ ಮತ್ತು ಪ್ರಕರಣಗಳ ಪ್ರಮಾಣಪತ್ರ ಅಲ್ಲಿ ಸಿಗುತ್ತದೆ. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆಯ ವಿವರವನ್ನು ಆಯೋಗಕ್ಕೆ ಕೊಡುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ಸ್ಕ್ಯಾನ್ ಮಾಡಿದ ಹಾಳೆಗಳಾದ್ದರಿಂದ ಹೆಸರು ಹಾಕಿ ಹುಡುಕಲಾಗದು. 16,518 ಕೋಟಿ ರೂಪಾಯಿಯ ಚುನಾವಣಾ ಬಾಂಡ್‌ಗಳನ್ನು ಕೊಂಡವರು ಯಾರೆಂದು ತಿಳಿಯಲು 2024ರ ಫೆಬ್ರುವರಿ 15ರ ಸುಪ್ರೀಂ ಕೋರ್ಟ್ ತೀರ್ಪೇ ಬರಬೇಕಾಯಿತು; ಆ ಮೊಕದ್ದಮೆಯ ಅರ್ಜಿದಾರರಲ್ಲಿ ಎಡಿಆರ್ ಜೊತೆಗೆ ಬಾಂಡ್ ಹಣ ಪಡೆಯದ ಸಿಪಿಐ(ಎಂ) ಕೂಡ ಇತ್ತು. ವಿದೇಶಿ ಹಣದ ವಿಷಯದಲ್ಲಿ ಎಫ್‌ಸಿಆರ್‌ಎ ಕಾಯ್ದೆ ಬಿಗಿಯಾಗಿದೆ: ರಾಜಕೀಯ ಪಕ್ಷಗಳು ಪಡೆಯುವಂತಿಲ್ಲ, ಉಳಿದ ಸಂಸ್ಥೆಗಳು 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕವೇ ಪಡೆಯಬೇಕು. ಇಷ್ಟು ಬಿಗಿ ಮಾಡಿದ ಸರ್ಕಾರವೇ, ಬಂದ ಹಣದ ವಿವರವನ್ನು ಮೂರು ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಬೇಕೆಂಬ ನಿಯಮವನ್ನು 2022ರ ಜುಲೈನಲ್ಲಿ ತೆಗೆದುಹಾಕಿತು. ಇದರಿಂದ ಸಂಶಯಪಡುವವನಿಗೂ ನಷ್ಟ, ನೇರವಾಗಿ ನಡೆಯುವ ಸಂಸ್ಥೆಗೂ ನಷ್ಟ.

ಶ್ರೀಮಂತರ ಹಣ ಮುಟ್ಟಿದರೆ ಚಳವಳಿ ಕೆಡುತ್ತದೆಂದು ನಾನು ಒಪ್ಪುವುದಿಲ್ಲ. 1920ರಲ್ಲಿ ಬಾಬಾಸಾಹೇಬರು ಮೂಕನಾಯಕ ಪತ್ರಿಕೆ ಆರಂಭಿಸಿದಾಗ ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ನೀಡಿದ್ದರು. ಅದನ್ನು ನಾವು ಇಂದು ಕೃತಜ್ಞತೆಯಿಂದ ಹೇಳಿಕೊಳ್ಳಲು ಸಾಧ್ಯವಾಗಿರುವುದು ಕೊಟ್ಟವರು ಯಾರೆಂದು ತಿಳಿದಿರುವುದರಿಂದ. ಚುನಾವಣಾ ಬಾಂಡ್‌ಗಳ ವಿರುದ್ಧ ಬೀದಿಗಿಳಿದ ನಾವು ನಮ್ಮ ಕಡೆಯ ದೊಡ್ಡ ದಾನಿಗಳ ಹೆಸರನ್ನು ಮರೆಮಾಡುವಂತಿಲ್ಲ.

ಬಳಕೆಯ ತೊಡಕುಗಳೂ ಇವೆ. ಎಲ್ಲವೂ ಇಂಗ್ಲಿಷಿನಲ್ಲಿದ್ದು, ಕಲಮುಗಳ ಸಂಖ್ಯೆ, ಪ್ಯಾಕ್, ಸೂಪರ್ ಪ್ಯಾಕ್‌ಗಳ ವ್ಯತ್ಯಾಸ ಮೊದಲೇ ತಿಳಿಯದವರಿಗೆ ದಿಕ್ಕು ತಪ್ಪುತ್ತದೆ. ಅಗಲವಾದ ಪಟ್ಟಿಗಳು ಮೊಬೈಲ್ ಪರದೆಗೆ ಒಗ್ಗುವುದಿಲ್ಲವಾದ್ದರಿಂದ ಕಂಪ್ಯೂಟರಿನಲ್ಲಿ ನೋಡುವುದೇ ಮೇಲು. ಗುಲ್ಬರ್ಗಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ, ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೂ ಸಂಘಟನೆಗಳ ಖಜಾಂಚಿಗಳಿಗೂ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಐದರಲ್ಲಿ ನಾಲ್ಕು ಅಂಕ. ಮೊದಲ ಬಾರಿ ನೋಡುವವರು ಪ್ರಸಿದ್ಧ ಹೆಸರುಗಳನ್ನು ಹುಡುಕುತ್ತ ಕೂರದೆ ಹೊರಗಿನ ಗುಂಪುಗಳ ಪಟ್ಟಿಗೆ ಹೋಗಿ, ದಾನಿಗಳ ವಿವರ ‘ಇಲ್ಲ’ ಎಂದಿರುವ ಸಾಲುಗಳನ್ನು ಎರಡೂ ಪಂಥಗಳಲ್ಲಿ ಓದಿಕೊಳ್ಳಲಿ.