ಏಳು ವರ್ಷ, ನಾಲ್ಕು ಸೋವಿಯತ್ ರೇಜರು, ಒಂದೇ ಗಡ್ಡ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ವಾರಂಟಿ ಇಲ್ಲ. ತಯಾರಿಸಿದ ದೇಶವೇ 1991ರಲ್ಲಿ ಬಾಗಿಲು ಹಾಕಿಕೊಂಡು ಹೋಯಿತು, ಇನ್ನು ಸರ್ವಿಸ್ ಸೆಂಟರ್ ಎಲ್ಲಿಂದ ಬರಬೇಕು? ಆದರೂ 'ರಷ್ಯಾದ ಹಳೇ ರೇಜರ್ ತಗೊಂಡ್ರೆ ನಡೆಯುತ್ತಾ, ಎಲ್ಲಾ ಜಿಲೆಟ್ ಕಾಪಿ ಅಂತಾರಲ್ಲ' ಎಂದು ಕೇಳುವ ಗೆಳೆಯರು ಹೆಚ್ಚಾಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ನನ್ನ ಹತ್ತಿರ ಈಗ ಹದಿನೈದು ಇವೆ. ಅದರಲ್ಲಿ ನಾಲ್ಕನ್ನು ಸರದಿಯ ಮೇಲೆ ಏಳು ವರ್ಷದಿಂದ ಬಳಸುತ್ತಿದ್ದೇನೆ. ಮಿಕ್ಕವು ಹೆಂಡತಿಯ ಪ್ರಕಾರ 'ಗುಜರಿ', ನನ್ನ ಪ್ರಕಾರ ಸಂಗ್ರಹ.

ಶುರುವಾಗಿದ್ದು 2018ರಲ್ಲಿ. ಮಗಳು ಜಾರ್ಜಿಯಾದ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಳು, ನೋಡಿಕೊಂಡು ಬರೋಣ ಎಂದು ಹೋಗಿದ್ದೆ. ಅಲ್ಲಿ 'ಡ್ರೈ ಬ್ರಿಡ್ಜ್' ಎಂದು ಕರೆಯುವ ಒಂದು ಸೇತುವೆ ಇದೆ, ಕೆಳಗೆ ಹೊಳೆ ಇಲ್ಲ. ಅದರ ಆಸುಪಾಸಿನಲ್ಲಿ ದಿನವೂ ಹಳೇ ಸಾಮಾನಿನ ಸಂತೆ. ಸೋವಿಯತ್ ಒಕ್ಕೂಟ ಮುರಿದುಬಿದ್ದಾಗ ಜನ ಮನೆಯ ಸಾಮಾನು ತಂದು ಮಾರಿ ಹೊಟ್ಟೆ ಹೊರೆದ ಜಾಗವದು. ನೆಲದ ಮೇಲೆ ಬೆಡ್‌ಶೀಟು, ಲಾಡಾ ಕಾರಿನ ಬಾನೆಟ್ಟು, ಎಲ್ಲೆಂದರಲ್ಲಿ ಪದಕ, ಸಮೋವಾರ್, ಕ್ಯಾಮೆರಾ, ಪಿಂಗಾಣಿ. ಒಬ್ಬ ಮುದುಕ ಕಂದು ಬಣ್ಣದ ಪ್ಲಾಸ್ಟಿಕ್ ಡಬ್ಬಿ ಎತ್ತಿ ಕೈಗಿಟ್ಟ. ಒಳಗೆ ಮೂರು ತುಂಡು ಅಲ್ಯೂಮಿನಿಯಂ: ಹಿಡಿ, ತಳದ ತಟ್ಟೆ, ಮೇಲಿನ ಟೋಪಿ. 'ಸ್ತಾನೋಕ್' ಅಂದ. ರಷ್ಯನ್‌ನಲ್ಲಿ ಲೇತ್ ಮಷಿನ್‌ಗೂ ಅದೇ ಮಾತು, ರೇಜರ್‌ಗೂ ಅದೇ. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಅಷ್ಟು ಸಾಕಾಯಿತು. 'ಯಾರದೋ ಗಡ್ಡ ಕೆರೆದಿದ್ದು, ಮುಟ್ಟಬೇಡಪ್ಪಾ' ಎಂದು ಮಗಳು ಮೂಗು ಮುಚ್ಚಿಕೊಂಡಳು. ಹತ್ತು ಲಾರಿ (ಜಾರ್ಜಿಯಾದ ನಾಣ್ಯದ ಹೆಸರು) ಕೊಟ್ಟು ಕೊಂಡುಕೊಂಡೆ, ಆಗಿನ ಲೆಕ್ಕದಲ್ಲಿ ಇನ್ನೂರೆಪ್ಪತ್ತು ರೂಪಾಯಿ ಆಸುಪಾಸು.

ಭಾಷೆಯ ವಿಷಯ ಬಂತಲ್ಲ, ಇನ್ನೊಂದು. ರಷ್ಯನ್ನರು ಕ್ಷೌರದ ಕತ್ತಿಯನ್ನು 'ಅಪಾಸ್ನಯ ಬ್ರೀತ್ವ' ಅನ್ನುತ್ತಾರೆ, ಅಪಾಯದ ರೇಜರ್ ಎಂದು. ಬ್ಲೇಡು ಹಾಕುವುದು 'ಬೆಜಪಾಸ್ನಯ', ಅಪಾಯವಿಲ್ಲದ್ದು. ನಮ್ಮ ಅಪಾಯಕ್ಕೂ ಅವರ ಅಪಾಸ್ನಯಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಅಣ್ಣ ತಮ್ಮ.

ಈಗ ಕಾಪಿಯ ವಿಷಯಕ್ಕೆ ಬರೋಣ. ಹೌದು, ಕಾಪಿಯೇ. ನನ್ನ ಅಲ್ಯೂಮಿನಿಯಂ ರೇಜರನ್ನು ಜಿಲೆಟ್ ಕಂಪನಿ 1930ರ ದಶಕದ ಕೊನೆಗೆ ತಂದ 'ಟೆಕ್' ಪಕ್ಕದಲ್ಲಿಟ್ಟರೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಂದು ಕುರುಡನೂ ಹೇಳುತ್ತಾನೆ. ಅದೇ ಉಬ್ಬಿದ ಟೋಪಿ, ಅದೇ ಹಲ್ಲಿಲ್ಲದ ನೇರ ಅಂಚು, ನೊರೆ ಜಾರಲು ತಳದ ತಟ್ಟೆಯಲ್ಲಿ ಅದೇ ಸೀಳು. ಆ ದೇಶದಲ್ಲಿ ಇದು ರೇಜರಿಗೆ ಸೀಮಿತವೂ ಆಗಿರಲಿಲ್ಲ. ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್ ಕ್ಯಾಮೆರಾ ಜರ್ಮನಿಯ ಲೈಕಾ ನೋಡಿ ಮಾಡಿದ್ದು. ಮಾಸ್ಕೋದ ಮೊದಲ ಗಡಿಯಾರ ಕಾರ್ಖಾನೆಯ ಯಂತ್ರಗಳು ಅಮೆರಿಕದ ಓಹಾಯೋದಲ್ಲಿ ಮುಚ್ಚಿದ್ದ ಕಾರ್ಖಾನೆಯಿಂದ ಬಂದವು. ಮಾಸ್ಕ್ವಿಚ್ 400 ಕಾರು ಒಪೆಲ್ ಕಡೆಟ್‌ನ ಪಡಿಯಚ್ಚು. ಫಿಯೆಟ್ 124 ಕಾರನ್ನಂತೂ ರೀತಿಪ್ರಕಾರ ಒಪ್ಪಂದ ಮಾಡಿಕೊಂಡೇ ತಂದಿದ್ದು, ಅದೇ ಆಮೇಲೆ ಜಿಗುಲಿ ಆಯಿತು.

ಆದರೆ ರೇಜರ್ ವಿಷಯದಲ್ಲಿ ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಮೂಲಪುರುಷ ಕಿಂಗ್ ಕ್ಯಾಂಪ್ ಜಿಲೆಟ್ ಇದ್ದಾರಲ್ಲ, ಅವರು ರೇಜರಿಗೆ ಮುಂಚೆಯೇ, 1894ರಲ್ಲಿ, ಸಮಾಜವಾದದ ಒಂದು ಕನಸಿನ ಪುಸ್ತಕ ಬರೆದಿದ್ದರು. ಪೈಪೋಟಿಯೇ ಪಾಪದ ಮೂಲ, ಎಲ್ಲ ಉದ್ಯಮವೂ ಜನರದೇ ಒಂದು ಕಂಪನಿಯ ಕೈಗೆ ಬರಬೇಕು, ನಯಾಗರಾ ಜಲಪಾತದ ವಿದ್ಯುತ್ತಿನಲ್ಲಿ ನಡೆಯುವ ಒಂದೇ ಮಹಾನಗರದಲ್ಲಿ ಎಲ್ಲರೂ ವಾಸಿಸಬೇಕು ಎಂದೆಲ್ಲ. ಆಮೇಲೆ 1903ರಲ್ಲಿ ರೇಜರ್ ಮಾರಾಟಕ್ಕಿಟ್ಟರು. ಮೊದಲ ವರ್ಷ ಹೋಗಿದ್ದು 51 ರೇಜರು, 168 ಬ್ಲೇಡು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೇ 35 ಲಕ್ಷ ರೇಜರ್ ಹೋದವು. ಒಂದೇ ಕಂಪನಿ, ಪೈಪೋಟಿ ಇಲ್ಲ, ದೇಶಕ್ಕೆಲ್ಲ ಒಂದೇ ಬೆಲೆ ಎಂಬ ಅವರ ಕನಸು ಕೊನೆಗೆ ನಿಜವಾಗಿದ್ದು ಅವರ ರೇಜರನ್ನು ಹೇಳದೆ ಕೇಳದೆ ನಕಲು ಮಾಡಿದ ದೇಶದಲ್ಲಿ! ನನ್ನ ಡಬ್ಬಿಯ ತಳದಲ್ಲಿ ಬೆಲೆಯನ್ನು ಅಚ್ಚಿನಲ್ಲೇ ಉಬ್ಬಿಸಿದ್ದಾರೆ. ಪ್ಲಾಸ್ಟಿಕ್ ಎರಕದ ಅಚ್ಚಿನಲ್ಲೇ ಬೆಲೆ ಕೊರೆಯಬೇಕಾದರೆ ಅದು ಬದಲಾಗುವುದಿಲ್ಲ ಎಂಬ ಧೈರ್ಯ ಎಷ್ಟಿರಬೇಕು ನೋಡಿ.

ಸರಿ, ಬಳಕೆಗೆ ಬರುತ್ತೇನೆ.

ಅಲ್ಯೂಮಿನಿಯಂದು ಕೈಗೆ ಹಗುರ, ಇದೆಯೋ ಇಲ್ಲವೋ ಅನ್ನುವಷ್ಟು. ಹೊಸ ಕಾಲದ ಭಾರದ ಸ್ಟೀಲ್ ರೇಜರ್ ಹಿಡಿದು ರೂಢಿಯಾದವರು ಇದನ್ನು ಮೊದಲ ದಿನ ಒತ್ತಿ ಕೆರೆದು ಕೆನ್ನೆ ಕೊಯ್ದುಕೊಳ್ಳುತ್ತಾರೆ. ಒತ್ತಬಾರದು. ಮೂವತ್ತು ಡಿಗ್ರಿ ಆಸುಪಾಸಿನಲ್ಲಿ ವಾಲಿಸಿ ಸುಮ್ಮನೆ ಜಾರಿಸಬೇಕು. ಒಂದು ವಾರ ಕೈ ಕೂತ ಮೇಲೆ ಇದರಷ್ಟು ಸೌಮ್ಯವಾದದ್ದು ನನ್ನ ಹತ್ತಿರ ಇನ್ನೊಂದಿಲ್ಲ. ಎರಡು ದಿನದ ಗಡ್ಡಕ್ಕೆ ಎರಡು ಸುತ್ತು, ಆಮೇಲೆ ಪಟಿಕ ಉಜ್ಜಿದರೆ ಉರಿ ಕೂಡ ಆಗುವುದಿಲ್ಲ. ಗಡ್ಡ ಒರಟಿದ್ದು ದಿನಾ ಕೆರೆಯದವರಿಗೆ ಮಾತ್ರ ಇದು ಸ್ವಲ್ಪ ಮೆತ್ತಗಾಯಿತು ಅನಿಸಬಹುದು.

ಎರಡನೆಯದು ಕಾರ್ಬಲೈಟ್ ರೇಜರ್, ಅಂದರೆ ರಷ್ಯನ್ ಬೇಕಲೈಟ್. ನಮ್ಮ ಮನೆಗಳಲ್ಲಿದ್ದ ಹಳೇ ಕರೀ ಸ್ವಿಚ್ಚಿನ ಪ್ಲಾಸ್ಟಿಕ್ ನೆನಪಿದೆಯಲ್ಲ, ಅದೇ ಜಾತಿ. ಪ್ರಯಾಣಕ್ಕೆ ಇದೇ. ಕೆಳಗೆ ಬಿದ್ದರೆ ಬಳೆಯ ಹಾಗೆ ಚೂರಾಗುತ್ತದೆ, ಅದೊಂದು ಎಚ್ಚರ.

ಮೂರನೆಯದು ಹಿಡಿಯ ಬುಡ ತಿರುವಿದರೆ ತಲೆಯ ಮೇಲೆ ಎರಡು ಬಾಗಿಲು ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಳ್ಳುವಂಥದ್ದು. ಜಿಲೆಟ್ ಇದನ್ನು 1934ರಲ್ಲೇ ತಂದಿತ್ತು. ನೋಡಲು ಚೆಂದ, ಬ್ಲೇಡು ಹಾಕಲು ಸಲೀಸು, ಮಕ್ಕಳಿಗೆ ತೋರಿಸಲು ಅದಕ್ಕಿಂತ ಚೆಂದ. ಕೆರೆಯುವುದು ಹೇಗೆ? ಎಡಗೆನ್ನೆಗೆ ಬೆಣ್ಣೆ, ಬಲಗೆನ್ನೆಗೆ ಮುಳ್ಳು. ಮೊದಲು ನನ್ನ ಕೈಯದೇ ದೋಷ ಅಂದುಕೊಂಡೆ. ಒಂದು ಭಾನುವಾರ ಫೀಲರ್ ಗೇಜ್ ತೆಗೆದು ಬ್ಲೇಡಿನ ಅಂಚಿಗೂ ಕೆಳಗಿನ ಪಟ್ಟಿಗೂ ನಡುವಿನ ಸಂದು ಅಳೆದೆ. ಒಂದು ಕಡೆ 0.55 ಮಿ.ಮೀ., ಇನ್ನೊಂದು ಕಡೆ 0.8. ಬ್ಲೇಡಿನ ದಪ್ಪವೇ 0.1 ಮಿ.ಮೀ. ಇರುವಾಗ ಕಾಲು ಮಿಲಿಮೀಟರ್ ವ್ಯತ್ಯಾಸ ಅಂದರೆ ಎರಡು ಬೇರೆ ಬೇರೆ ರೇಜರನ್ನು ಒಂದೇ ಹಿಡಿಗೆ ಸಿಕ್ಕಿಸಿದ ಹಾಗೆ. ಈಗ ಕೆನ್ನೆಗೆ ಮೆತ್ತನೆಯ ಕಡೆ, ಗದ್ದಕ್ಕೆ ಒರಟು ಕಡೆ ಎಂದು ಹೊಂದಿಕೊಂಡಿದ್ದೇನೆ. ಗುರುತಿಗೆ ಹಿಡಿಯ ಮೇಲೆ ನೇಲ್ ಪಾಲಿಷ್ ಚುಕ್ಕಿ ಇದೆ. ಕದ್ದದ್ದು ಯಾರದು ಅಂತ ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ.

ನಾಲ್ಕನೆಯದು, ಎಲ್ಲರೂ ಬಾಯಿಬಿಟ್ಟು ಕೇಳುವ 'ಮೈಕ್ರಾನ್'. 1961ರಲ್ಲಿ ಬಂದ ಜಿಲೆಟ್ ಸ್ಲಿಮ್ ಅಡ್ಜಸ್ಟಬಲ್‌ನ ಸೋವಿಯತ್ ತಮ್ಮ. ಕತ್ತಿನ ಹತ್ತಿರ ಇರುವ ಬಳೆ ತಿರುಗಿಸಿದರೆ ಬ್ಲೇಡಿನ ಸಂದು ಹಿಗ್ಗುತ್ತದೆ, ಕುಗ್ಗುತ್ತದೆ. ಅಣ್ಣನಲ್ಲಿ ಒಂದರಿಂದ ಒಂಬತ್ತರವರೆಗೆ ಅಂಕಿ, ಪ್ರತಿ ಅಂಕಿಗೂ 'ಕ್ಲಿಕ್' ಎಂದು ಕೂರುತ್ತದೆ. ತಮ್ಮನನ್ನು ನಾನು ಆನ್‌ಲೈನಿನಲ್ಲಿ ವಿದೇಶದ ಒಬ್ಬರಿಂದ ತರಿಸಿದೆ. ಫೋಟೋದಲ್ಲಿ ಮದುಮಗ. ಕೈಗೆ ಬಂದಾಗ ಒಂದು ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು, ಕ್ರೋಮ್ ಅಡಿಯಲ್ಲಿ ಸತುವಿನ ಮಿಶ್ರಲೋಹ ಗುಳ್ಳೆ ಎದ್ದಿತ್ತು. ಮಾರಿದವರು 'ಹಳೇ ವಸ್ತು ಸ್ವಾಮಿ' ಎಂಬ ಅರ್ಥದ ಒಂದು ಸಾಲು ಬರೆದು ಸುಮ್ಮನಾದರು. ಸೋಪುನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಗಟ್ಟಿಯಾದ ಹಳೇ ನೊರೆ ಕಿತ್ತು, ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟ ಮೇಲೆ ಬಾಗಿಲು ತೆರೆಯಿತು. ಆದರೆ ಬಳೆ ಎಲ್ಲಿ ನಿಲ್ಲಿಸಿದರೂ ಎರಡು ಸಲ ಕೆರೆಯುವಷ್ಟರಲ್ಲಿ ತಾನೇ ಸರಿಯುತ್ತದೆ. ಮೂರರಲ್ಲಿ ಶುರು ಮಾಡಿದ ಶೇವಿಂಗ್ ಐದರಲ್ಲಿ ಮುಗಿದು ಕುತ್ತಿಗೆಯಲ್ಲಿ ರಕ್ತ. ತಿಂಗಳಿಗೊಮ್ಮೆ ಬಳಸುತ್ತೇನೆ, ಅದೂ ಭಾನುವಾರ, ಎಲ್ಲಿಗೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ.

ಇಷ್ಟು ವರ್ಷದಲ್ಲಿ ನನಗೆ ಕಂಡದ್ದು ಇದು: ನಕಲು ಸರಳವಾಗಿದ್ದಷ್ಟೂ ಚೆನ್ನಾಗಿ ಕೆರೆಯುತ್ತದೆ. ಮೂರು ತುಂಡಿನದ್ದರಲ್ಲಿ ತಪ್ಪಾಗಲು ಜಾಗವೇ ಕಡಿಮೆ. ಬ್ಲೇಡು ಸ್ವಲ್ಪ ವಾರೆ ಕೂತರೆ ಹಿಡಿ ಬಿಗಿಸುವ ಮುಂಚೆ ಬೆರಳಲ್ಲಿ ಸರಿಮಾಡಬಹುದು. ಬಾಗಿಲಿನದ್ದರಲ್ಲಿ ಬ್ಲೇಡು ಎಲ್ಲಿ ಕೂರಬೇಕೆಂದು ಬಾಗಿಲೇ ತೀರ್ಮಾನಿಸುತ್ತದೆ. ಬಳೆ, ಸ್ಪ್ರಿಂಗು, ತೋಳು, ತಿರುಪು ಎಲ್ಲ ಒಂದರ ಮೇಲೊಂದು ಕೂತರೆ ಪ್ರತಿಯೊಂದರ ಕೂದಲೆಳೆಯಷ್ಟು ತಪ್ಪೂ ಕೂಡುತ್ತಾ ಹೋಗಿ ಕೊನೆಗೆ ನಿಮ್ಮ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಆಕಾರ ನೋಡಿ ಬರೆದುಕೊಳ್ಳಬಹುದು, ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಆಕಾರದಲ್ಲಿ ಕಾಣುವುದಿಲ್ಲ. ನನ್ನ ವರ್ಕ್‌ಶಾಪಿನ ಹುಡುಗರು ಪಕ್ಕದವನ ಜಾಬ್ ನೋಡಿ ತಿರುವಿದಾಗಲೂ ಇದೇ ಆಗುತ್ತಿತ್ತು. ನೋಟಕ್ಕೆ ಅದೇ, ಜೋಡಿಸಿದರೆ ಲೊಡಲೊಡ.

ಬ್ಲೇಡಿನ ಬಗ್ಗೆ. ಅದೇ ಸಂತೆಯಲ್ಲಿ ಮೇಣದ ಕಾಗದ ಬಿಚ್ಚದ 'ನೆವಾ' ಮತ್ತು 'ಸ್ಪುಟ್ನಿಕ್' ಪೊಟ್ಟಣ ಸಿಕ್ಕವು. ನೆವಾ ಅಂದರೆ ಲೆನಿನ್‌ಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಊರಿನ ಹೊಳೆ. ಆ ಬ್ಲೇಡಿನ ಹೆಸರೆತ್ತಿದರೆ ಮುದುಕ ಮುಖ ಹಿಂಡಿ ಕೆನ್ನೆ ಸವರಿಕೊಂಡ. ಯಾಕೆಂದು ಊರಿಗೆ ಬಂದು ಹಾಕಿದಾಗ ಗೊತ್ತಾಯಿತು. ಗಡ್ಡ ಕೆರೆಯಲಿಲ್ಲ, ಕಿತ್ತಿತು. ಮರುದಿನ ಬೆಳಿಗ್ಗೆ ಅಂಚಿನ ತುಂಬ ತುಕ್ಕು. ಸ್ಪುಟ್ನಿಕ್ ಸ್ಟೇನ್‌ಲೆಸ್, ಪರವಾಗಿಲ್ಲ. ಮುದುಕ ಇನ್ನೊಂದನ್ನೂ ಅಭಿನಯಿಸಿ ತೋರಿಸಿದ್ದ: ಗಾಜಿನ ಲೋಟದ ಒಳಮೈಗೆ ಬ್ಲೇಡು ಅಂಟಿಸಿ ಬೆರಳಲ್ಲಿ ಹಿಂದೆ ಮುಂದೆ ಉಜ್ಜಿ ಹರಿತ ಮಾಡುವುದು. ನಾನು ಅವನ ಭುಜ ಹಿಡಿದುಕೊಂಡುಬಿಟ್ಟೆ. ದಾವಣಗೆರೆಯಲ್ಲಿ ನಮ್ಮಪ್ಪ ಒಂದೇ ಬ್ಲೇಡನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದದ್ದು ಹೀಗೆಯೇ, ಕಾಫಿ ಕುಡಿದ ಗಾಜಿನ ಲೋಟದಲ್ಲಿ. ಸೋವಿಯತ್ ಜನರಿಗಂತೂ ಆ ದೇಶದ ಕೊನೆಯ ವರ್ಷಗಳಲ್ಲಿ ಸೋಪಿಗೂ ತತ್ವಾರ. 1989ರ ಜುಲೈನಲ್ಲಿ ಅಲ್ಲಿನ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಬೇಡಿಕೆಗಳಲ್ಲಿ ಮೈ ತೊಳೆಯಲು ಸೋಪು ಕೊಡಿ ಎಂಬುದೂ ಒಂದಾಗಿತ್ತು. ಅಂಥಲ್ಲಿ ಒಳ್ಳೇ ಬ್ಲೇಡನ್ನು ಯಾರು ಎಸೆದಾರು?

ನೀವು ಹಳೇ ಬ್ಲೇಡಿನ ತಂಟೆಗೆ ಹೋಗಬೇಡಿ. ಹಳೇ ರೇಜರಿಗೆ ನಮ್ಮ ಅಂಗಡಿಯ ಯಾವ ಎರಡಂಚಿನ ಬ್ಲೇಡಾದರೂ ಕೂರುತ್ತದೆ. ಟೋಪಾಜ್, ಸೂಪರ್‌ಮ್ಯಾಕ್ಸ್, ಸೆವೆನ್ ಓ ಕ್ಲಾಕ್ ಎಲ್ಲ ಹಾಕಿ ನೋಡಿದ್ದೇನೆ. ಅಲ್ಯೂಮಿನಿಯಂದಕ್ಕೆ ಹರಿತ ಹೆಚ್ಚಿದ್ದದ್ದು, ಬಾಗಿಲಿನದ್ದಕ್ಕೆ ಸ್ವಲ್ಪ ಮೆತ್ತನೆಯದು.

ಈಗ ನನ್ನದೇ ಒಂದು ಮೂರ್ಖತನ. ಅಲ್ಯೂಮಿನಿಯಂ ರೇಜರಿನ ಗೀರುಗಳಲ್ಲಿ ಕೂತ ಜಿಡ್ಡು ಹೋಗಲಿ ಎಂದು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಅದರಲ್ಲಿ ಮುಳುಗಿಸಿ ಪೇಪರ್ ಓದಲು ಕೂತೆ. ಬಂದು ನೋಡಿದರೆ ಸಣ್ಣ ಗುಳ್ಳೆ ಬರುತ್ತಿದೆ, ಬೆಳ್ಳಗಿದ್ದದ್ದು ದೋಸೆ ಕಾವಲಿಯ ತಳದಂತಾಗಿದೆ. ಕ್ಷಾರ ತಾಕಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ ಎಂದು ಎಷ್ಟು ಬ್ಯಾಚಿಗೆ ಪಾಠ ಹೇಳಿದ್ದೆನೋ ಲೆಕ್ಕವಿಲ್ಲ! ಟೋಪಿಯ ಮೇಲಿನ ಕಲೆ ಇವತ್ತಿಗೂ ಹೋಗಿಲ್ಲ. ಹಾಗಾಗಿ ಅಲ್ಯೂಮಿನಿಯಂ ಇದ್ದರೆ ಬರೀ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್ಷು. ಹಿತ್ತಾಳೆಯ ಹಿಡಿ ಇದ್ದು ಲೇಪ ಹೋಗಿದ್ದರೆ ಹುಣಸೆಹಣ್ಣು ನಡೆಯುತ್ತದೆ. ಸತುವಿನದ್ದಕ್ಕೆ ಹುಳಿ ತಾಕಿಸಲೇಬೇಡಿ. ಕಾರ್ಬಲೈಟನ್ನು ಕುದಿಸಬೇಡಿ. ಲೋಹದ್ದು ಯಾವುದಾದರೂ ಕೊನೆಗೆ ಸ್ಪಿರಿಟ್‌ನಲ್ಲಿ ನೆನೆಸುವುದು ಕಡ್ಡಾಯ, ಇದು ಡಾಕ್ಟರ್ ಮಗಳ ಆಜ್ಞೆ.

ಕೊಳ್ಳುವಾಗ ಟೋಪಿ ಬಿಚ್ಚಿ ತಿರುಪಿನ ಮರೆ (ಥ್ರೆಡ್) ನೋಡಿ, ಸವೆದಿದ್ದರೆ ಬಿಟ್ಟುಬಿಡಿ. ಡಬ್ಬಿಯ ಮೇಲೆ ಪಂಚಕೋನದ ಗುರುತು ಕಂಡರೆ ಅದು ಸರ್ಕಾರದ ಗುಣಮಟ್ಟದ ಮುದ್ರೆ, 1967ರಿಂದ ಹಾಕತೊಡಗಿದ್ದು. ಅಂದರೆ ಮಾಲು ಅದಕ್ಕಿಂತ ಹಳೆಯದಲ್ಲ, 'ಯುದ್ಧಕಾಲದ್ದು' ಎಂದು ಮಾರಲು ಬಂದವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಆ ಮುದ್ರೆ ಇದ್ದ ಮಾತ್ರಕ್ಕೆ ಬಾಗಿಲು ಸರಿಯಾಗಿ ಮುಚ್ಚುತ್ತದೆ ಎಂದು ನಂಬುವುದು ನಿಮ್ಮಿಷ್ಟ. ವಿಮಾನದಲ್ಲಿ ತರುವಾಗ ಬ್ಲೇಡು ಕೈಚೀಲದಲ್ಲಿ ಇಡಬೇಡಿ.

ಒಂದೇ ಒಂದು ತಗೊಳ್ಳುವುದಾದರೆ ಮೂರು ತುಂಡಿನ ಅಲ್ಯೂಮಿನಿಯಂದು, ಡಬ್ಬಿ ಸಮೇತ. ನನ್ನಿಂದ ಐದಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಆ ಕಪ್ಪು ಕಲೆಗೆ, ಅದರ ತಪ್ಪಿಲ್ಲದಿದ್ದರೂ. ಬಾಗಿಲಿನದ್ದಕ್ಕೆ ಮೂರು. ಮೈಕ್ರಾನ್‌ಗೆ ಕೆರೆಯುವ ಲೆಕ್ಕದಲ್ಲಿ ಎರಡು, ಶೋಕೇಸಿನ ಲೆಕ್ಕದಲ್ಲಿ ಐದು.

ಮಗಳು ಓದು ಮುಗಿಸಿ ಬಂದು ಈಗ ಇಲ್ಲೇ ಕೆಲಸ ಮಾಡುತ್ತಿದ್ದಾಳೆ. ಹೋದ ತಿಂಗಳು ಅವಳ ಟಿಬಿಲಿಸಿಯ ಗೆಳತಿ ಬಂದಾಗ ತವರದ ಪುಟ್ಟ ಡಬ್ಬಿಯೊಂದನ್ನು ತಂದುಕೊಟ್ಟಳು, ಅಜ್ಜನದಂತೆ. ತಟ್ಟೆಯ ಸೀಳಿನಲ್ಲಿ ಒಣಗಿದ ನೊರೆ, ಅದರಲ್ಲಿ ಎರಡು ಬಿಳೀ ಕೂದಲು. ಹದಿನೈದನೆಯದು. ಈಗ ಸ್ಪಿರಿಟ್‌ನಲ್ಲಿ ನೆನೆಯುತ್ತಿದೆ.