ನಿಂಬೆಹುಲ್ಲಿನ ಎಣ್ಣೆ, ಬೇವಿನೆಣ್ಣೆ: ತಾರಸಿ ತೋಟದಲ್ಲಿ 3 ವರ್ಷ

ವಿಜಯನಗರದ ನಮ್ಮ ಮನೆ ತಾರಸಿಯಲ್ಲಿ 34 ಕುಂಡಗಳಿವೆ. ಮೆಣಸಿನಕಾಯಿ, ಬದನೆ, ಟೊಮೇಟೊ, ದಾಸವಾಳ, ಕರಿಬೇವು. ಮಗಳು ಗಿಡದಿಂದಲೇ ಟೊಮೇಟೊ ಕಿತ್ತು, ಲಂಗಕ್ಕೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ಅದನ್ನು ನೋಡಿದ ದಿನವೇ ಅಂಗಡಿಯ ಕೀಟನಾಶಕ ಬಿಟ್ಟೆ. ಅಲ್ಲಿಂದ ಈಚೆಗೆ ಇವೆರಡು ಎಣ್ಣೆಗಳೇ.

ಬೇವಿನೆಣ್ಣೆ ಬೀಜ ಹಿಂಡಿ ತೆಗೆದದ್ದು, ಜಿಡ್ಡು ಜಾಸ್ತಿ. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳು ಎಲೆ ತಿನ್ನದಂತೆ, ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ನಿಂಬೆಹುಲ್ಲಿನದು ಹಬೆಯಲ್ಲಿ ಬಟ್ಟಿ ಇಳಿಸಿದ ಸುಗಂಧ ತೈಲ. ಅದರ ಸಿಟ್ರಾಲ್ ಘಾಟಿಗೆ ಬಿಳಿನೊಣ ದೂರ ಸರಿಯುತ್ತದೆ. ಆದರೆ ಘಾಟು ಬೇಗ ಆರಿಹೋಗುತ್ತದೆ. ಒಂದು ಸಲ ಹೊಡೆದು ತಿಂಗಳು ಸುಮ್ನೆ ಕೂರುವವರಿಗೆ ಇದು ಆಗಿಬರುವುದಿಲ್ಲ.

ನನ್ನ ಅಳತೆ: 1 ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, 1 ಎಂ.ಎಲ್. ನಿಂಬೆಹುಲ್ಲಿನ ಎಣ್ಣೆ, ಸ್ವಲ್ಪ ಸೋಪಿನ ನೀರು. ಮೊದಲು ಸೋಪಿನ ನೀರಿಗೆ ಎಣ್ಣೆ ಹಾಕಿ, ಹಾಲಿನಂತೆ ಬೆಳ್ಳಗಾಗುವವರೆಗೆ ಕುಲುಕಬೇಕು. ಇಲ್ಲದಿದ್ದರೆ ಎಣ್ಣೆ ಮೇಲೆ ತೇಲುತ್ತದೆ. ಸ್ಪ್ರೇಯರ್‌ನಿಂದ ಮೊದಲು ಬರೀ ನೀರು ಬರುತ್ತದೆ, ಕೊನೆಯ ಗಿಡಕ್ಕೆ ಬರೀ ಎಣ್ಣೆ. ಮೊದಲ ಬೇಸಿಗೆಯಲ್ಲಿ ಬೇಗ ಗುಣವಾಗಲಿ ಎಂದು ಲೀಟರಿಗೆ 10 ಎಂ.ಎಲ್. ನಿಂಬೆಹುಲ್ಲಿನ ಎಣ್ಣೆ ಹಾಕಿ, ನಡುಮಧ್ಯಾಹ್ನ ಹೊಡೆದುಬಿಟ್ಟೆ. ಎರಡೇ ದಿನದಲ್ಲಿ ಮೆಣಸಿನ ಎಲೆಗಳ ಅಂಚು ಕಂದಿ ಸುರುಟಿಕೊಂಡವು. ಆರು ಗಿಡ ಹೋದವು, ಇವತ್ತಿಗೂ ಬೇಜಾರಿದೆ. ಈಗ ಬಿಸಿಲು ಇಳಿದ ಮೇಲೆಯೇ ಹೊಡೆಯುತ್ತೇನೆ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತದೆ, ಜೇನುನೊಣಗಳೂ ಅಷ್ಟೊತ್ತಿಗೆ ಗೂಡು ಸೇರಿರುತ್ತವೆ. ಎಲೆಯ ಅಡಿಭಾಗ ನೆನೆಯಲೇಬೇಕು, ಗಿಡದ ರಸ ಹೀರುವ ಸಸ್ಯಹೇನು ಇರುವುದು ಅಲ್ಲೇ ಅಲ್ವಾ?

ಸಸ್ಯಹೇನು, ಬಿಳಿನೊಣಕ್ಕೆ ತುಂಬಾ ಚೆನ್ನಾಗಿ ಕೆಲಸ ಮಾಡಿದೆ. ದಾಸವಾಳದ ಹಿಟ್ಟು ತಿಗಣೆಗೆ ಮಾತ್ರ ಬರೀ ಸಿಂಪಡಣೆ ಸಾಲದು. ಅದರ ಮೈಮೇಲಿನ ಮೇಣದ ಮೇಲೆ ಹನಿ ಜಾರಿಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸೋಪಿನ ನೀರು ಹಾಕಿ ಉಜ್ಜಿ, ಆಮೇಲೆ ಎಣ್ಣೆ ಹೊಡೆಯುತ್ತೇನೆ. ಕೊತ್ತಂಬರಿ, ಮೆಂತ್ಯಕ್ಕೆ ಹೊಡೆಯುವುದೇ ಇಲ್ಲ, ಬೇವಿನ ವಾಸನೆ ಸಾರಿನವರೆಗೂ ಬರುತ್ತದೆ.

ಕೊಳ್ಳುವಾಗ ಹುಷಾರು. ಆನ್‌ಲೈನ್‌ನಲ್ಲಿ ತರಿಸಿದ ಒಂದು ಬಾಟಲಿ ಕಲಬೆರಕೆಯಾಗಿತ್ತು. ನಿಂಬೆಹುಲ್ಲಿನ ಎಣ್ಣೆಯ ಒಂದು ಹನಿಯನ್ನು ಬಿಳಿ ಹಾಳೆ ಮೇಲೆ ಬಿಟ್ಟು ನೋಡಿ. ಅಪ್ಪಟವಾದದ್ದು ಆರಿಹೋಗುತ್ತದೆ. ಅಡುಗೆ ಎಣ್ಣೆ ಬೆರೆಸಿದ್ದರೆ ಬೋಂಡ ಕಟ್ಟಿದ ಕಾಗದದಂತೆ ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ. ವಾರಕ್ಕೆ ಒಂದೂವರೆ ಲೀಟರ್ ಹೊಡೆಯುವ ನನಗೆ ನಿಂಬೆಹುಲ್ಲಿನ ಎಣ್ಣೆಯ 100 ಎಂ.ಎಲ್. ಬಾಟಲಿ ವರ್ಷ ದಾಟಿ ಬರುತ್ತದೆ. ಹಾಗಾಗಿ ದುಬಾರಿ ಅನ್ನಿಸಿಲ್ಲ.

ಕೋಲಾರದ ಹತ್ತಿರ ಟೊಮೇಟೊ ಬೆಳೆಯುವ ಅಣ್ಣನಿಗೆ ಇದನ್ನೇ ಮಾಡು ಅಂತ ಹೇಳಲಾರೆ. ಎಕರೆಗಟ್ಟಲೆ ಹೊಲಕ್ಕೆ ಪ್ರತಿ ವಾರ ಎಣ್ಣೆ, ಮೇಲೆ ಕೂಲಿ, ಲೆಕ್ಕ ಕೂಡುವುದಿಲ್ಲ. ಅವನು ಸಾಲಿನ ಮಧ್ಯೆ ಚೆಂಡುಹೂ ಹಾಕಿದ್ದಾನೆ, ಹಳದಿ ಅಂಟುಹಾಳೆ ನೇತುಹಾಕಿದ್ದಾನೆ. ಈ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ, ನೀರಿನಲ್ಲಿ ಕರಗಿಸಿ ಬೆಳೆಗೆ ಹೊಡೆಯುವ ಬೇವಿನ ಸಾಬೂನು ತಂದುಕೊಟ್ಟಿದ್ದೇನೆ, ನಾಲ್ಕು ಸಾಲಿಗೆ ಹೊಡೆದು ನೋಡುತ್ತೇನೆ ಅಂದಿದ್ದಾನೆ.